ರಜೆ ಎಲ್ಲರಿಗೂ ಸಿಗಲಿ

(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಇಂದು ನಾವು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತಿದ್ದೇವೆ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ಮೇ ಒಂದನೇ ತಾರೀಖನ್ನು ಈ ಹಬ್ಬಕ್ಕೆಂದು ಗೊತ್ತುಮಾಡಿದರು. ದುಡಿಯುವ ಕೈಗಳನ್ನು ಲೋಕವೇ ನೆನೆಯುವ ದಿನದಂದು ಧರ್ಮಸಭೆಯು ನಜರೇತಿನ ಬಡಗಿಯನ್ನು ನೆನೆಯುತ್ತದೆ. ನಮ್ಮ ಕರ್ನಾಟಕದಲ್ಲಿ ಈ ಹಬ್ಬ ಬರುವುದು ಮಕ್ಕಳ ಬೇಸಿಗೆ ರಜೆಯ ನಡುವೆ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುವ ಮಾತು ಒಂದೇ: "ಈ ಸಲ ಎಲ್ಲಿಗೆ ಹೊರಟಿರಿ? ಊಟಿಗೋ, ಗೋವೆಗೋ, ವೇಳಾಂಗಣಿಗೋ?" ಆದುದರಿಂದ ದುಡಿಮೆಯ ಹಬ್ಬದಂದು ವಿಶ್ರಾಂತಿಯ ಬಗ್ಗೆ ನಾಲ್ಕು ಮಾತು ಹೇಳೋಣ ಎನಿಸಿತು.

ಪ್ರವಾಸ ಮುಗಿಸಿ ಬಂದವರನ್ನು "ಹೇಗಿತ್ತು?" ಎಂದು ವಿಚಾರಿಸಿದರೆ ಬರುವ ಉತ್ತರವನ್ನು ಗಮನಿಸಿದ್ದೀರಾ? "ಚೆನ್ನಾಗಿತ್ತು ಫಾದರ್, ಆದರೆ ತುಂಬಾ ಸುಸ್ತು." ದಣಿವಾರಿಸಿಕೊಳ್ಳಲು ಹೋದವರು ಇನ್ನಷ್ಟು ದಣಿದು ಬರುವುದೇಕೆ? ಇದಕ್ಕೆ ಉತ್ತರವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮದೇ ತಪ್ಪಿನಿಂದ ಕಲಿತೆವು.

2012ರ ಮೇ ತಿಂಗಳು. ಆಗ ನಾವಿದ್ದ ಧರ್ಮಕೇಂದ್ರದ ಕೆಲವು ಕುಟುಂಬಗಳನ್ನು ಕರೆದುಕೊಂಡು ಒಂದೇ ದಿನದಲ್ಲಿ ಊಟಿಗೆ ಹೋಗಿಬರುವುದೆಂದು ತೀರ್ಮಾನವಾಯಿತು. ಪಟ್ಟಿ ಬರೆದವರು ನಾವೇ. ಸಸ್ಯೋದ್ಯಾನ, ಗುಲಾಬಿ ತೋಟ, ದೊಡ್ಡಬೆಟ್ಟ, ದೋಣಿವಿಹಾರ, ಚಹಾ ಕಾರ್ಖಾನೆ, ಒಂದನ್ನೂ ಬಿಡಲಿಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆರು ಗಂಟೆಗೆ ಸರಿಯಾಗಿ ಗೇಟಿನ ಬಳಿ ಇರಬೇಕೆಂದು ನಾಲ್ಕಕ್ಕೇ ಹೊರಟೆವು. ಬುತ್ತಿ ಕಟ್ಟಲು ತಾಯಂದಿರು ರಾತ್ರಿ ಒಂದೂವರೆಗೆ ಎದ್ದಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು.

ದಿನವಿಡೀ ನಾವು ಗಡಿಯಾರ ನೋಡಿದ್ದೇ ಹೆಚ್ಚು, ಬೆಟ್ಟ ನೋಡಿದ್ದು ಕಡಿಮೆ. "ಬೇಗ ಹತ್ತಿ, ಬೇಗ ಹತ್ತಿ" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಆದರೂ ಊಟಿ ಬಿಡುವಾಗ ಹೊತ್ತು ಮೀರಿತ್ತು. ಒಂಬತ್ತರೊಳಗೆ ಕಾಡು ಸೇರಬೇಕೆಂದು ಚಾಲಕನನ್ನು ಅವಸರಪಡಿಸಿದೆವು. ಗೂಡಲೂರಿನ ಕಡೆ ಇಳಿಯುವ ಒಂದು ತಿರುವಿನಲ್ಲಿ ಆತನ ತಲೆ ವಾಲಿತು. ಪಕ್ಕದಲ್ಲಿದ್ದ ಯುವಕ ಕಿರುಚಿದ. ವ್ಯಾನು ರಸ್ತೆಯಂಚಿನ ಮೋಟುಗೋಡೆಗೆ ಉಜ್ಜಿಕೊಂಡು ನಿಂತಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆಗ ವಿಚಾರಿಸಿದರೆ, ಹಿಂದಿನ ರಾತ್ರಿಯೂ ಆತ ಬೇರೆ ಬಾಡಿಗೆಗೆ ಹೋಗಿಬಂದಿದ್ದ. ಬೆಳಗ್ಗಿನಿಂದ ಜೊತೆಗಿದ್ದ ನಮ್ಮಲ್ಲಿ ಒಬ್ಬರೂ "ಅಣ್ಣಾ, ನಿದ್ರೆ ಮಾಡಿದ್ದೀಯಾ?" ಎಂದು ಕೇಳಿರಲಿಲ್ಲ.

ನಿಧಾನವಾಗಿ ಕಾಡಿನ ಗೇಟು ತಲುಪುವಷ್ಟರಲ್ಲಿ ಅದು ಮುಚ್ಚಿತ್ತು. ಬೆಳಗಿನವರೆಗೆ ವ್ಯಾನಿನಲ್ಲೇ ಕಳೆದೆವು. ಚಾಲಕ ಸೀಟಿನ ಮೇಲೆ ಮಗುವಿನಂತೆ ಮಲಗಿದ. ಮಕ್ಕಳು ಅಮ್ಮಂದಿರ ತೊಡೆಯ ಮೇಲೆ ಮಲಗಿದರು. ಅಜ್ಜಿಯೊಬ್ಬರು ಮೆಲುದನಿಯಲ್ಲಿ ಜಪಸರ ಮಾಡುತ್ತಿದ್ದರು. ಆ ಇಡೀ ಪ್ರವಾಸದಲ್ಲಿ ಎಲ್ಲರಿಗೂ ವಿಶ್ರಾಂತಿ ಸಿಕ್ಕಿದ್ದು ಮುಚ್ಚಿದ ಆ ಗೇಟಿನ ಮುಂದೆ!

ಪ್ರಿಯರೇ, ವಿಮೋಚನಾಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಸಬ್ಬತ್ ದಿನದ ಆಜ್ಞೆಯಿದೆ. ಯಾರು ಯಾರಿಗೆ ಬಿಡುವು ಸಿಗಬೇಕೆಂದು ದೇವರು ಅಲ್ಲಿ ಹೆಸರಿಸಿದ್ದಾರೆ. ಮನೆಯ ಯಜಮಾನನಿಗೆ ಮಾತ್ರವಲ್ಲ; ಮಗನಿಗೆ, ಮಗಳಿಗೆ, ಆಳಿಗೆ, ದಾಸಿಗೆ, ದನಕರುಗಳಿಗೆ, ಊರಿನಲ್ಲಿ ತಂಗಿರುವ ಪರದೇಶಿಗೂ ಕೂಡ. ಅಂದಮೇಲೆ ಒಬ್ಬರ ನಿದ್ರೆ ಕೆಡಿಸಿ ಇನ್ನೊಬ್ಬರು ಪಡೆಯುವುದು ವಿಶ್ರಾಂತಿಯಲ್ಲ. ರಾತ್ರಿ ಕಾಡಿನ ಗೇಟು ಮುಚ್ಚುವುದೂ ಬಾಯಿಲ್ಲದ ಜೀವಿಗಳಿಗೆ ನೆಮ್ಮದಿ ಸಿಗಲೆಂದೇ ಅಲ್ಲವೇ? ಆನೆಗೂ ಜಿಂಕೆಗೂ ಸಿಗುವ ಬಿಡುವು ನಮ್ಮ ಮನೆಯ ತಾಯಿಗೆ ಬೇಡವೇ?

ಹಾಗಾದರೆ ರಜೆಯನ್ನು ಯೋಜಿಸುವುದು ಹೇಗೆ? ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು, "ಎಲ್ಲಿಗೆ ಹೋಗೋಣ?" ಎನ್ನುವ ಮುಂಚೆ "ನಿನಗೆ ಯಾವುದರಿಂದ ಬಿಡುವು ಬೇಕು?" ಎಂದು ಒಬ್ಬೊಬ್ಬರನ್ನೂ ಕೇಳಿ. ತಾಯಿಗೆ ಒಲೆಯಿಂದ ಬೇಕಾಗಿರಬಹುದು, ತಂದೆಗೆ ಫೋನಿನಿಂದ, ಮಗನಿಗೆ ಅಂಕಪಟ್ಟಿಯ ಮಾತಿನಿಂದ. ಆರು ಜಾಗ ಬೇಡ, ಒಂದೇ ಜಾಗ ಸಾಕು. ಅಲ್ಲಿ ಎರಡು ರಾತ್ರಿ ತಂಗಿ. ಕೊನೆಗಳಿಗೆಯ ಪರದಾಟ ತಪ್ಪಿಸಿ. ರೈಲಿನ ಮುಂಗಡ ಟಿಕೆಟಿಗೆ ಮೊದಲಿದ್ದ 120 ದಿನಗಳ ಅವಧಿ 2024ರ ನವೆಂಬರಿನಿಂದ 60 ದಿನಕ್ಕಿಳಿದಿದೆ. ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂದಿದೆ. ಇಂಥವನ್ನು ಮೊದಲೇ ವಿಚಾರಿಸಿಕೊಂಡರೆ ದಾರಿಯಲ್ಲಿ ಜಗಳವಿಲ್ಲ. ಸಾಲಮಾಡಿ ಹೋಗಬೇಡಿ, ಮೂರು ದಿನದ ಸಂತೋಷಕ್ಕೆ ಮೂರು ವರ್ಷ ಕಂತು ಕಟ್ಟುವುದು ರಜೆಯಲ್ಲ, ಹೊರೆ. ಬಾಡಿಗೆ ವಾಹನವಾದರೆ ಚಾಲಕನ ಊಟ, ಹಾಸಿಗೆಯನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿ. ಹಿಂತಿರುಗಿದ ಮಾರನೆಯ ದಿನವನ್ನು ಖಾಲಿ ಬಿಡಿ. ಒಗೆಯುವ ಬಟ್ಟೆಯ ರಾಶಿಯನ್ನು ಎಲ್ಲರೂ ಹಂಚಿಕೊಳ್ಳಿ. ಎಲ್ಲಿಗೂ ಹೋಗಲಾಗದವರು ಕೊರಗಬೇಡಿ. ಅಜ್ಜಿಯ ಊರಿನ ಜಗಲಿಯೂ ಸಾಕು, ಅಲ್ಲಿ ಅಜ್ಜಿಯನ್ನು ಅಡಿಗೆಮನೆಗೆ ಕಟ್ಟಿಹಾಕದಿದ್ದರೆ.

ಇಷ್ಟಾದರೂ ಯೋಜನೆ ಕೆಡಬಹುದು. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನೆಯಿರಿ. ಊಟಕ್ಕೂ ಪುರುಸೊತ್ತಿಲ್ಲದಷ್ಟು ದಣಿದಿದ್ದ ಪ್ರೇಷಿತರನ್ನು ಯೇಸುಸ್ವಾಮಿ ಏಕಾಂತ ಸ್ಥಳಕ್ಕೆ ಕರೆದೊಯ್ದರು. ಆದರೆ ಜನರು ಅವರಿಗಿಂತ ಮೊದಲೇ ಓಡಿಬಂದು ಅಲ್ಲಿ ಕಾದಿದ್ದರು. ಯೇಸು ಸಿಡಿಮಿಡಿಗೊಳ್ಳಲಿಲ್ಲ, ಅವರ ಮೇಲೆ ಕನಿಕರಪಟ್ಟರು. ಮಳೆ ಬಂದರೆ, ಬಸ್ಸು ತಪ್ಪಿದರೆ, ಮಗುವಿಗೆ ಜ್ವರ ಬಂದರೆ ನಾವೂ ಒಬ್ಬರ ಮೇಲೊಬ್ಬರು ರೇಗದೆ ಕನಿಕರಪಡೋಣ.

ಕೊನೆಯದಾಗಿ ನಮ್ಮ ಸಂತ ಜೋಸೆಫರು. ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ಸಿಗುವುದಿಲ್ಲ. ಆದರೆ ಅವರು ನಿದ್ರಿಸಿದ್ದು ದಾಖಲಾಗಿದೆ. ದೇವದೂತನು ಅವರೊಡನೆ ಮಾತನಾಡಿದ್ದು ಕನಸಿನಲ್ಲಿ. ಉಳಿ ಬಾಚಿಗಳನ್ನು ಕೆಳಗಿಟ್ಟು ಮಲಗಿದ ಆ ಶ್ರಮಜೀವಿಗೆ ದೇವರ ಚಿತ್ತ ತಿಳಿಯಿತು. ಎದ್ದಕೂಡಲೇ ಅದರಂತೆ ನಡೆದು ತಾಯಿ ಮಗುವನ್ನು ಕಾಪಾಡಿದರು. ನಮ್ಮ ಮನೆಗಳಲ್ಲೂ ದುಡಿಯುವ ಪ್ರತಿಯೊಂದು ಕೈಗೂ ಈ ಬೇಸಿಗೆಯಲ್ಲಿ ಬಿಡುವು ಸಿಗಲೆಂದು ಸಂತ ಜೋಸೆಫರು ನಮಗಾಗಿ ಬೇಡಿಕೊಳ್ಳಲಿ. ಆಮೆನ್.