ನೀರು ಬರುವ ಮುಂಚೆ ಪಹಣಿ ಸರಿಯಾಗಲಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನೀರು, ಹಣ, ಭೂಮಿ ಈ ಮೂರರ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇವೆ.

ತುಂಗಭದ್ರೆ ನಮ್ಮ ಹಡಗಲಿ, ಹರಪನಹಳ್ಳಿ ಸೀಮೆಯ ಮಗ್ಗುಲಲ್ಲೇ ಹರೀತಾಳೆ. 1953ರಲ್ಲಿ ಅಣೆಕಟ್ಟು ಮುಗಿದು ಕೆಳಗಿನ ಊರುಗಳಿಗೆ ಕಾಲುವೆ ಹೋದವು. ಮೇಲಿನ ನಮ್ಮ ಮಸಾರಿ ಹೊಲಗಳು ಮುಗಿಲು ನೋಡ್ತಾ ಕೂತವು. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ ಎಷ್ಟೋ ವರ್ಷ ತುಂಬದೆ ಒಣಗಿದ್ದನ್ನು ಕಂಡಿದ್ದೇವೆ. ಈಗ ನೀರನ್ನು ಮೇಲಕ್ಕೆತ್ತುವ ಕಾಲ. ಹಡಗಲಿಗೆ ಸಿಂಗಟಾಲೂರು ಏತ ನೀರಾವರಿ, ಹರಪನಹಳ್ಳಿಗೆ ಗರ್ಭಗುಡಿ ಬ್ಯಾರೇಜು, ಕೂಡ್ಲಿಗಿಗೆ 74 ಕೆರೆ ತುಂಬಿಸುವ ಯೋಜನೆ.

ಇದಕ್ಕೆಲ್ಲ ಹಣ ಬರೋದು ಕಾಗದದ ಮೇಲಿನ ಗೆರೆ ನೋಡಿ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತು. 2013ರಲ್ಲಿ ಸಂವಿಧಾನಕ್ಕೆ 371(ಜೆ) ಸೇರಿದಾಗ ಬಳ್ಳಾರಿ ಜಿಲ್ಲೆಗೆ ವಿಶೇಷ ಸ್ಥಾನ ಸಿಕ್ಕಿತು, ಹರಪನಹಳ್ಳಿ ಹೊರಗುಳಿಯಿತು. ಜನ ಬೀದಿಗಿಳಿದು ಹೋರಾಡಿದ ಮೇಲೆಯೇ ಅದನ್ನು ಪಡೆದರು. 2021ರಿಂದ ನಮ್ಮ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿವೆ. 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ರೂಪಾಯಿ ಅಂದರು. ಅದರಲ್ಲಿ ನಮ್ಮ ಕೆರೆಗೆಷ್ಟು ಅಂತ ನಾವೇ ಕೇಳಬೇಕು.

ಜಿಲ್ಲೆಯ ಗೆರೆಯಂತೆಯೇ ನಮ್ಮ ಹೊಲದ ಗೆರೆ. ಕಾಲುವೆಗೆ, ಪಂಪ್‌ಹೌಸಿಗೆ ಜಮೀನು ಬೇಕೇ ಬೇಕು. 1894ರ ಹಳೇ ಕಾಯಿದೆ ಹೋಗಿ 2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯಿದೆ ಬಂದಿದೆ. ಲೆಕ್ಕ ಹಾಕಿದ ಪರಿಹಾರದ ಮೇಲೆ ಶೇ. 100 ಸೊಲೇಷಿಯಂ ಕೊಡಬೇಕು. ಮೊದಲ ಅಧಿಸೂಚನೆ ಬಂದ 60 ದಿನದೊಳಗೆ ತಕರಾರು ಸಲ್ಲಿಸಬಹುದು. ಮೂರು ವರ್ಷದಿಂದ ಆ ಹೊಲದಲ್ಲೇ ಪಾಲಿಗೆ ಮಾಡಿ, ಕೂಲಿ ಮಾಡಿ ಬದುಕಿದವರೂ ಬಾಧಿತರೇ. ಆದರೆ 2019ರ ರಾಜ್ಯ ತಿದ್ದುಪಡಿಯಿಂದ ನೀರಾವರಿ ಯೋಜನೆಗೆ ಸಾಮಾಜಿಕ ಪರಿಣಾಮದ ಅಧ್ಯಯನ ಕೈಬಿಡಲು ಸರ್ಕಾರಕ್ಕೆ ಅವಕಾಶವಿದೆ. ಯಾರಾದರೂ ಊರಿಗೆ ಬಂದು ಸಭೆ ಮಾಡ್ತಾರೆ ಅಂತ ಕಾಯಬೇಡಿ, ನೋಟೀಸು ಓದಿರಿ.

ನಮ್ಮಲ್ಲಿ ಎಷ್ಟೋ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೈತಿ. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳ್ತಾರೆ. ಪರಿಹಾರದ ಹೊತ್ತಿಗೆ ಹಕ್ಕಿನ ತಕರಾರು ಎದ್ದರೆ ದುಡ್ಡು ಪ್ರಾಧಿಕಾರದಲ್ಲಿ ಠೇವಣಿ ಆಗ್ತದೆ, ಹೊಲ ಮಾತ್ರ ಹೋಗ್ತದೆ. ನಮ್ಮ ಬೆಳೆಸಾಲಕ್ಕೂ ಇದೇ ಪಹಣಿ ಬೇಕು. ಅಕ್ಕತಂಗಿಯರ ಹಕ್ಕನ್ನೂ ಮರೆಯದೆ, ಕೂತು ಮಾತಾಡಿ ಬಗೆಹರಿಸಿಕೊಳ್ಳಿ. ಪರಿಹಾರ ಕಡಿಮೆ ಅನಿಸಿದರೆ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಬರೆದೇ ಸಹಿ ಹಾಕಿರಿ. ಪೈಪು ಹೂಳಲು ಬಂದವರಿಗೆ, ಜಮೀನು ತಗೊಳ್ತೀರೋ, ಬರೀ ಬೆಳೆ ಪರಿಹಾರವೋ ಅಂತ ಬರಹದಲ್ಲಿ ಕೇಳಿರಿ.

ಈ ಬೆಳ್ಳಿಹಬ್ಬದ ನೆನಪಿಗೆ ಸಂಘ ಒಂದು ಕೆಲಸ ಹಿಡಿಯಲಿ ಎಂದು ಕೋರುತ್ತೇವೆ. ತಿಂಗಳಿಗೊಂದು ದಿನ ಗ್ರಾಮ ಆಡಳಿತಾಧಿಕಾರಿಯನ್ನು ಸಂಘದ ಕಟ್ಟೆಗೆ ಕರೆಸಿ, ಸದಸ್ಯರ ಪಹಣಿ ಒಂದೊಂದಾಗಿ ನೋಡಿಸೋಣ. 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿಯಾಗಿದೆ. ನೀರು ಬಂದ ದಿನ ಕೊನೇ ಹೊಲದವನಿಗೂ ಪಾಲು ಮುಟ್ಟಿಸಲು ಅದೂ ಬೇಕು.

ಸಾಲ ಕೊಟ್ಟು ವಸೂಲಿ ಮಾಡಿದ ಸಂಘ ಸದಸ್ಯನ ಹೊಲವನ್ನೂ ಕಾಯಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.