ಅಶೋಕನ ಕಾಲದಿಂದ ಸರಿಯುತ್ತಿರುವ ಕಿತ್ತಳೆ ತಾರೆ



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಲೋಕಕ್ಕೆ ತಿಳಿಸಿದರು. ಆ ಅಕ್ಷರಗಳನ್ನು ಕೊರೆದು ಸುಮಾರು 2,280 ವರ್ಷಗಳಾದವು. ಅಂದಿನ ಬಹುಪಾಲು ನಕ್ಷತ್ರಗಳು ಅಕ್ಕಪಕ್ಕದವುಗಳೊಡನೆ ಇದ್ದಲ್ಲೇ ಇರುವಂತೆ ಇಂದಿಗೂ ಕಾಣುತ್ತವೆ. ಆದರೆ ಒಂದು ಮಂಕು ತಾರೆ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರವನ್ನೂ ಮೀರಿ ಸರಿದಿದೆ.

ಅದು ರಾಜಹಂಸ ನಕ್ಷತ್ರಪುಂಜದ 61ನೇ ಸಂಖ್ಯೆಯ ತಾರೆ. ಖಗೋಳಜ್ಞರು '61 ಸಿಗ್ನಿ' ಎನ್ನುತ್ತಾರೆ. ಬರಿಗಣ್ಣಿಗೆ ಒಂದಾಗಿ ಕಂಡರೂ ಇದು ಜೋಡಿ ತಾರೆ. ಎರಡರ ಬೆಳಕನ್ನು ಕೂಡಿಸಿದರೂ ಸೂರ್ಯನ ಬೆಳಕಿನ ಕಾಲುಭಾಗದಷ್ಟೂ ಆಗದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾದಂತೆಲ್ಲ ಕೆಂಪು, ಕಿತ್ತಳೆ, ಹಳದಿಯಾಗುತ್ತದಲ್ಲವೇ? ನಕ್ಷತ್ರಗಳದೂ ಅದೇ ನಿಯಮ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್; ಇವುಗಳದು 4,000 ಡಿಗ್ರಿಯ ಆಸುಪಾಸು. ಹೀಗಾಗಿ ಕಿತ್ತಳೆ ಬಣ್ಣ.

ದೂರದ ಗುಡ್ಡದ ಮೇಲೆ ಹೋಗುವ ದನ ನಿಂತಂತೆ ಕಾಣುತ್ತದೆ. ಪಕ್ಕದಲ್ಲಿ ಹೋಗುವುದು ಬೇಗ ದಾಟಿಬಿಡುತ್ತದೆ. ವೇಗವಾಗಿ ಸರಿಯುವ ಈ ತಾರೆ ಹತ್ತಿರದ್ದೇ ಇರಬೇಕೆಂದು ಜರ್ಮನಿಯ ಬೆಸೆಲ್ ಊಹಿಸಿದರು. ಭೂಮಿ ಸೂರ್ಯನನ್ನು ಸುತ್ತುವಾಗ ಇದರ ಸ್ಥಾನ ಕೂದಲೆಳೆಯಷ್ಟು ಅತ್ತಿತ್ತ ಆಗುವುದನ್ನು ಅಳೆದು, 1838ರಲ್ಲಿ ಇದರ ದೂರವನ್ನು ಪ್ರಕಟಿಸಿದರು. ನಕ್ಷತ್ರವೊಂದರ ದೂರ ನಂಬುವಂತೆ ಸಿಕ್ಕಿದ್ದು ಅದೇ ಮೊದಲು. ಇಂದಿನ ಲೆಕ್ಕದಲ್ಲಿ ಅದು 11.4 ಜ್ಯೋತಿರ್ವರ್ಷ. ಎಂದರೆ ಈ ರಾತ್ರಿ ಕಣ್ಣಿಗೆ ಬೀಳುವ ಬೆಳಕು ಹನ್ನೊಂದು ವರ್ಷಗಳ ಹಿಂದೆಯೇ ಅಲ್ಲಿಂದ ಹೊರಟದ್ದು.

ನೋಡುವುದು ಹೇಗೆ? ದೀಪಾವಳಿಯ ಆಸುಪಾಸಿನ ಚಂದ್ರನಿಲ್ಲದ ದಿನ, ಸಂಜೆ 7.30ರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಬೇಕು. ಶಿಲುಬೆಯಾಕಾರದ ರಾಜಹಂಸ ಕಾಣುತ್ತದೆ. ಅದರ ಉಜ್ವಲ ತಾರೆ ಡೆನೆಬ್, ಶಿಲುಬೆಯ ನಡುವಿನ ತಾರೆ, ಮೇಲಿನ ರೆಕ್ಕೆಯ ತಾರೆ, ಈ ಮೂರಕ್ಕೆ ನಾಲ್ಕನೇ ಮೂಲೆ ಸೇರಿಸಿ ಓರೆ ಚೌಕ ಮಾಡಿದರೆ, ಆ ಮೂಲೆಯಲ್ಲಿದೆ ಈ ಮಿಣುಕು. ಬಣ್ಣ ಬರಿಗಣ್ಣಿಗೆ ತಿಳಿಯದು. ಸಣ್ಣ ದೂರದರ್ಶಕದಲ್ಲಿ ಎರಡು ಕಿತ್ತಳೆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ.

ಚಳ್ಳಕೆರೆಯ ಅಮೃತಮಹಲ್ ಕಾವಲಿನ ಬಯಲಿನಲ್ಲೋ ಬ್ರಹ್ಮಗಿರಿಯ ತಪ್ಪಲಿನಲ್ಲೋ ಕತ್ತಲೆ ಇದ್ದಷ್ಟು ದಿನ ಇದು ಕಾಣುತ್ತದೆ; ಪೇಟೆಯ ದೀಪಗಳ ಕೆಳಗೆ ನಿಂತರೆ ಕಾಣದು. ಬೀದಿದೀಪಕ್ಕೆ ಮೇಲೊಂದು ಮರೆ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದರೆ, ದಾರಿಗೆ ಬೆಳಕೂ ಸಿಗುತ್ತದೆ, ಆಕಾಶಕ್ಕೆ ಕತ್ತಲೆಯೂ ಉಳಿಯುತ್ತದೆ. ಬಂಡೆಯ ಮೇಲಿನ ಬರಹವನ್ನು ಕಾಪಾಡಿಕೊಂಡಿರುವ ಸೀಮೆಗೆ ಇದೇನೂ ದೊಡ್ಡ ಕೆಲಸವಲ್ಲ.