ಹೊಳೆಯ ಕೊನೆಯನ್ನು ಮಕ್ಕಳಿಗೆ ತೋರಿಸೋಣ

(ಪರಿಸರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಬೆಟ್ಟದ ಜನ. ಹೊಳೆಗಳ ಹುಟ್ಟನ್ನು ಬಲ್ಲೆವು; ಅವು ಮುಗಿಯುವ ಎಡೆಯನ್ನು ಕಂಡವರು ನಮ್ಮಲ್ಲಿ ವಿರಳ. ಆಗುಂಬೆಯ ಸುತ್ತ ಸುರಿಯುವ ಮಳೆಯಲ್ಲಿ ಪೂರ್ವಕ್ಕಿಳಿದದ್ದು ತುಂಗೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಪಶ್ಚಿಮಕ್ಕಿಳಿದದ್ದು ಸೀತಾನದಿಯಾಗಿ, ಕೋಡಿಬೆಂಗ್ರೆಯ ಬಳಿ ಸ್ವರ್ಣೆಯೊಡನೆ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಆ ಅಳಿವೆಗೆ ಅನತಿದೂರದಲ್ಲಿ, ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದ ಕಡಲಿನಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಮನೆಯ ಮತ್ತು ನೆರೆಮನೆಯ ಐದು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ನಾನು ಎರಡು ಬಾರಿ ಹೊರಟೆ. ಮೊದಲ ಬಾರಿ ದ್ವೀಪವನ್ನು ಮುಟ್ಟಲಿಲ್ಲ.

ನಸುಕಿನಲ್ಲೇ ಘಾಟಿ ಇಳಿದು ದೋಣಿಕಟ್ಟೆಗೆ ಬಂದೆವು. ಅಂದು ಅಲ್ಲಿದ್ದ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ನಾಲ್ಕು ವರ್ಷದ ಕಿರಿಯವನಿಗೆ ಒಂದನ್ನು ತೊಡಿಸಿ, ಪಟ್ಟಿಗಳನ್ನೆಲ್ಲ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತಿದೆ. ಜಾಕೆಟ್ ಅವನ ಕಿವಿಯವರೆಗೆ ಏರಿತು. ಹುಡುಗ ಕೆಳಗೇ ಉಳಿದ. ನೀರಿನಲ್ಲಿಯೂ ಆಗುವುದು ಇದೇ. ಹಿಂತಿರುಗಿದೆವು. ಮಕ್ಕಳು ಅತ್ತರು, ಕಿರಿಯವನು ಘಾಟಿ ಹತ್ತುವವರೆಗೂ ನನ್ನೊಡನೆ ಮಾತಾಡಲಿಲ್ಲ. "ಅಷ್ಟು ದೂರ ಹೋಗಿ ಬರಿಗೈಲಿ ಬಂದೆಯಾ ಮಾರಾಯ?" ಎಂದರು ಮನೆಯ ಹಿರಿಯರು. ಮುಂಚಿತವಾಗಿ ವಿಚಾರಿಸದ ತಪ್ಪು ನನ್ನದೇ. ಆದರೆ ಹಿಂತಿರುಗಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮಗುವಿನ ಜಾಕೆಟ್ ಅದರ ತೂಕಕ್ಕೆ ಹೊಂದಬೇಕು. ತೊಡೆಗಳ ನಡುವೆ ಬಿಗಿಯುವ ಪಟ್ಟಿ, ತಲೆಯನ್ನು ಎತ್ತಿ ಹಿಡಿಯುವ ಕತ್ತುಪಟ್ಟಿ ಇರಬೇಕು. ದೋಣಿ ಹತ್ತುವ ಮೊದಲೇ ತೊಡಿಸಿ, ಮರಳಿ ದಡ ಮುಟ್ಟುವವರೆಗೂ ಬಿಚ್ಚಬಾರದು. ಹಳ್ಳದ ಗುಂಡಿಯಲ್ಲಿ ಈಜು ಕಲಿತ ನಮ್ಮ ಮಕ್ಕಳಿಗೆ ಧೈರ್ಯ ಹೆಚ್ಚು. ಆದರೆ ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ, ಪಾಚಿ ಹಿಡಿದ ಬಂಡೆ ಜಾರುತ್ತದೆ. ಒಬ್ಬ ದೊಡ್ಡವರಿಗೆ ಇಬ್ಬರಿಗಿಂತ ಹೆಚ್ಚು ಚಿಕ್ಕ ಮಕ್ಕಳು ಬೇಡ. ಮಳೆಗಾಲದಲ್ಲಿ ಈ ಯೋಚನೆಯೇ ಸಲ್ಲ. ಲಘು ಉಪಾಹಾರ, ಟೊಪ್ಪಿಗೆ, ಸಾಕಷ್ಟು ಕುಡಿಯುವ ನೀರು ಇರಲಿ. ಹೊಟ್ಟೆ ತೊಳಸಿದ ಮಗುವಿಗೆ ದೂರದ ಬಾನಂಚನ್ನು ನೋಡಲು ಹೇಳಿ.

ಎರಡನೆಯ ಬಾರಿ, ಚಿಕ್ಕ ಜಾಕೆಟ್‌ಗಳಿರುವುದನ್ನು ಖಚಿತಪಡಿಸಿಕೊಂಡು, ಜನವರಿಯ ಒಂದು ಬೆಳಿಗ್ಗೆ ಹೋದೆವು. ಒತ್ತಾಗಿ ನಿಂತ ಕಲ್ಲುಕಂಬಗಳನ್ನು ಕಂಡು, "ಇವನ್ನು ಕಡಿದವರು ಯಾರು?" ಎಂದು ಮಕ್ಕಳು ಕೇಳಿದರು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರಿದು ಹೀಗೆ ಕಂಬಗಳಾಯಿತೆಂದು ಹೇಳಿದೆ. ಒಣಗಿದ ಕೆರೆಯ ಕೆಸರು ಬಿರಿಯುವುದನ್ನು ಕಂಡ ಅವರಿಗೆ ಅದು ಬೇಗ ಅರ್ಥವಾಯಿತು. ಒಬ್ಬಳು ಜೇಬಿಗೆ ಹಾಕಲು ಎತ್ತಿಕೊಂಡ ಶಂಖದಿಂದ ಪುಟ್ಟ ಏಡಿಯೊಂದು ಇಣುಕಿತು. ಖಾಲಿ ಚಿಪ್ಪೂ ಇನ್ನೊಂದು ಜೀವಿಗೆ ಮನೆಯೆಂದು ತಿಳಿದು, ಅವಳೇ ಅದನ್ನು ಮರಳಿ ಇಟ್ಟಳು.

ಮರಳಿನಲ್ಲಿ ಪ್ಲಾಸ್ಟಿಕ್ ಹಾಳೆಯ ಹರುಕೊಂದು ಸಿಕ್ಕಿತು. ಕಿರಿಯವನು ಅದನ್ನು ಎತ್ತಿ ಹಿಡಿದು, "ಇದು ನಮ್ಮ ತೋಟದ ಕೊಟ್ಟೆಯಾ?" ಎಂದ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ನಾವು ಕಟ್ಟುವ ಕೊಟ್ಟೆ! ಅಲ್ಲವೆನ್ನಲು ನನ್ನಲ್ಲಿ ಪುರಾವೆಯಿರಲಿಲ್ಲ. ಗೊನೆ ಇಳಿಸಿದ ಮೇಲೆ ಹರಿದ ಕೊಟ್ಟೆಗಳನ್ನು ನಾನೂ ಹಳ್ಳದ ದಂಡೆಯಲ್ಲೇ ಬಿಟ್ಟಿದ್ದೆ. ಕೃಷಿವಿಜ್ಞಾನಿ ಎನಿಸಿಕೊಂಡ ನಾನು ಆ ಮಗುವಿನ ಮುಂದೆ ತಲೆ ತಗ್ಗಿಸಿದೆ. ಆ ವರ್ಷದಿಂದ ಒಂದೊಂದು ಕೊಟ್ಟೆಯನ್ನೂ ಎಣಿಸಿ ಕಟ್ಟುತ್ತೇವೆ, ಎಣಿಸಿ ಇಳಿಸುತ್ತೇವೆ. ಎಣಿಸುವವನು ಅವನೇ.

ಬಂಧುಗಳೇ, ಮಕ್ಕಳನ್ನು ಕಡಲಿಗೆ ಕರೆದೊಯ್ಯಿರಿ. ಅಗತ್ಯ ಬಿದ್ದರೆ ದೋಣಿಕಟ್ಟೆಯಿಂದಲೇ ಹಿಂತಿರುಗುವ ಮನಸ್ಸನ್ನೂ ಜೊತೆಗೆ ಒಯ್ಯಿರಿ. ದ್ವೀಪ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.